ಚುಚ್ಚುಮದ್ದಿಗೆ ಮುನ್ನ ಕೇಳಬೇಕಾದ ಮಾತು

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ನಗರ ಸೇರುವ ಮುನ್ನ ಪಟಾನ್‌ಚೆರು ಸಿಗುತ್ತದೆ. ನಮ್ಮಲ್ಲಿ ಅನೇಕರು ಆ ದಾರಿಯಲ್ಲಿ ಓಡಾಡಿದವರೇ. 1980ರ ದಶಕದಲ್ಲಿ ಅಲ್ಲಿ 'ನೆಟ್-ಎನ್' ಎಂಬ ಗರ್ಭನಿರೋಧಕ ಚುಚ್ಚುಮದ್ದಿನ ಪ್ರಯೋಗ ಕೈಗೊಳ್ಳಲಾಯಿತು. ಬಂದ ಬಡ ಮಹಿಳೆಯರಿಗೆ ಇದು ಪ್ರಯೋಗವೆಂದೇ ಸರಿಯಾಗಿ ತಿಳಿಸಿಲ್ಲವೆಂದು ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆ ಆಕ್ಷೇಪಿಸಿತು. 1986ರಲ್ಲಿ ಇತರರೊಡನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ದಿನವೂ ಮಾತ್ರೆ ನುಂಗುವುದು, ಪದೇ ಪದೇ ಆಸ್ಪತ್ರೆಗೆ ಹೋಗುವುದು ಬಡ ದೇಶಗಳಲ್ಲಿ ಕಷ್ಟವೆಂಬುದು ಇಂಥ ಔಷಧಗಳನ್ನು ಬೆಳೆಸಿದವರ ವಾದ. ನೆಟ್-ಎನ್ ಎರಡು ತಿಂಗಳಿಗೊಮ್ಮೆ, 'ಡೆಪೋ-ಪ್ರೊವೆರಾ' ಮೂರು ತಿಂಗಳಿಗೊಮ್ಮೆ. ಡೆಪೋದ 150 ಮಿಲಿಗ್ರಾಂ ಔಷಧ ಸ್ನಾಯುವಿನಲ್ಲಿ ಉಳಿದು, ನಿಧಾನವಾಗಿ ರಕ್ತಕ್ಕೆ ಸೇರಿ ಅಂಡ ಬಿಡುಗಡೆಯನ್ನು ತಡೆಯುತ್ತದೆ. ಅಮೆರಿಕದಲ್ಲಿ ಗರ್ಭನಿರೋಧಕವಾಗಿ ಇದಕ್ಕೆ ಅನುಮತಿ ಸಿಕ್ಕಿದ್ದು 1992ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ಬಡ ದೇಶಗಳ ಮಹಿಳೆಯರು ಪಡೆಯುತ್ತಿದ್ದರು.

ಮಾತ್ರೆಯನ್ನು ನಾಳೆಯೇ ನಿಲ್ಲಿಸಬಹುದು. ಚುಚ್ಚಿದ ಔಷಧವನ್ನು ಹಿಂದಕ್ಕೆ ತೆಗೆಯಲಾಗದು. ಮುಟ್ಟು ಏರುಪೇರಾಗಬಹುದು, ನಿಂತೇ ಹೋಗಬಹುದು. ಬಿಟ್ಟ ಮೇಲೂ ಗರ್ಭ ನಿಲ್ಲಲು ಹಲವು ತಿಂಗಳು ತಡವಾಗಬಹುದು. ಡೆಪೋದಿಂದ ಮೂಳೆಯ ಸಾಂದ್ರತೆ ಕುಗ್ಗುತ್ತದೆಂದು 2004ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಕಟ್ಟುನಿಟ್ಟಿನ ಎಚ್ಚರಿಕೆ ಸೇರಿಸಿದರು. ಆದ್ದರಿಂದ ಮೊದಲೇ ತಿಳಿದು ಒಪ್ಪುವುದು ಇಲ್ಲಿ ಬಹು ಮುಖ್ಯ.

2017ರಿಂದ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 'ಅಂತರಾ' ಹೆಸರಿನಲ್ಲಿ ಡೆಪೋ ಮಾದರಿಯ ಚುಚ್ಚುಮದ್ದು ಉಚಿತವಾಗಿ ಬಂದಿದೆ. ಕೃತಕ ಗರ್ಭನಿರೋಧವನ್ನು ಧರ್ಮಸಭೆ ಒಪ್ಪುವುದಿಲ್ಲ. 1968ರ 'ಹುಮಾನೆ ವೀಟೆ' ವಿಶ್ವಪತ್ರದಲ್ಲಿ ಪೋಪ್ ಆರನೇ ಪೌಲರು ಇದನ್ನು ಸ್ಪಷ್ಟಪಡಿಸಿದರು. ಇಂಥ ವಿಧಾನಗಳನ್ನು ಸರ್ಕಾರಗಳು ಜನರ ಮೇಲೆ ಹೇರುವ ಅಪಾಯವಿದೆಯೆಂದೂ ಅಲ್ಲೇ ಎಚ್ಚರಿಸಿದರು. ಮಕ್ಕಳ ನಡುವೆ ಅಂತರ ಬೇಡವೆಂದು ಧರ್ಮಸಭೆ ಹೇಳಿಲ್ಲ. ತಕ್ಕ ಕಾರಣವಿದ್ದಾಗ ದೇಹದ ಸಹಜ ಲಕ್ಷಣ ಗಮನಿಸುವ ಬಿಲ್ಲಿಂಗ್ಸ್ ವಿಧಾನದಂಥ ದಾರಿಯನ್ನು ತೋರಿಸುತ್ತದೆ. ಅದನ್ನು ಬಲ್ಲವರಿಂದ ಸರಿಯಾಗಿ ಕಲಿಯಬೇಕು. ಗಂಡನ ಸಂಯಮವೂ ಬೇಕು.

ಎಷ್ಟೋ ಮನೆಗಳಲ್ಲಿ ಸೂಜಿ ಹೆಂಡತಿಗೆ, ತೀರ್ಮಾನ ಮಾತ್ರ ಬೇರೆಯವರದು. ನೆರೆಯ ಸಹೋದರಿ ಈ ವಿಷಯ ಎತ್ತಿದರೆ ಮೊದಲು ಅವಳನ್ನು ನಿಂದಿಸಬೇಡಿ. ಏನು ಚುಚ್ಚುತ್ತಾರೆ, ಎಷ್ಟು ದಿನ ಇರುತ್ತದೆ, ತೊಂದರೆಯಾದರೆ ಯಾರನ್ನು ಕಾಣಬೇಕು ಎಂದು ವೈದ್ಯರಲ್ಲಿ ಕೇಳುವ ಧೈರ್ಯ ತುಂಬಿ. ಗಂಡಂದಿರೇ, ಇಂದು ಸಂಜೆಯ ಜಪಸರದ ನಂತರ ಹೆಂಡತಿಯ ಪಕ್ಕ ಕುಳಿತು ಅವಳ ಮಾತು ಕೇಳಿ. ದೇವರು ಒಂದುಗೂಡಿಸಿದ ಇಬ್ಬರಲ್ಲಿ ಒಬ್ಬರೇ ಭಾರ ಹೊರುವುದು ಸರಿಯಲ್ಲ.