ಚೀಟಿ ಎತ್ತಿ ಕೊಟ್ಟ ಸೇನಾ ಪಿಸ್ತೂಲು

2018ರ ಸೆಪ್ಟೆಂಬರ್ 4ರಿಂದ ಅಕ್ಟೋಬರ್ 4ರವರೆಗೆ ಅಮೆರಿಕದ ಅಲಬಾಮ ರಾಜ್ಯದ ಆನಿಸ್ಟನ್ ಊರಿಗೆ ದೇಶದ ಮೂಲೆ ಮೂಲೆಯಿಂದ ದಪ್ಪ ಲಕೋಟೆಗಳು ಬಂದು ಬಿದ್ದವು. ಅರ್ಜಿ ಅಂಚೆಯಲ್ಲೇ ಬರಬೇಕಿತ್ತು, ಒಬ್ಬರಿಗೆ ಒಂದೇ ಅರ್ಜಿ. ಫೋನ್ ಮಾಡಿ ಕಾಯ್ದಿರಿಸುವಂತಿರಲಿಲ್ಲ, ಕೌಂಟರಿಗೆ ಹೋಗಿ ಕೇಳುವಂತೆಯೂ ಇರಲಿಲ್ಲ. ಹಾಗೆ ಬಂದ ಅರ್ಜಿಗಳು ಸುಮಾರು 19 ಸಾವಿರ. ಎಲ್ಲರಿಗೂ ಬೇಕಾಗಿದ್ದದ್ದು ಒಂದೇ: ಸೇನೆ ಬಳಸಿ ಬದಿಗಿಟ್ಟಿದ್ದ, ಕಡಿಮೆಯೆಂದರೂ ಎಪ್ಪತ್ತು ದಾಟಿದ ಎಂ1911 ಪಿಸ್ತೂಲು.

ಮಾರುತ್ತಿದ್ದ ಸಂಸ್ಥೆಯ ಹೆಸರು ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ, ಚಿಕ್ಕದಾಗಿ ಸಿಎಂಪಿ. ಜನಸಾಮಾನ್ಯರಿಗೆ ಗುರಿ ಹೊಡೆಯುವುದನ್ನು ಕಲಿಸಬೇಕೆಂದು 1903ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದಾಗ ಹುಟ್ಟಿದ ಸರ್ಕಾರಿ ವ್ಯವಸ್ಥೆ ಇದರ ಮೂಲ. 1996ರ ಕಾಯ್ದೆ ಅದನ್ನು ಸೇನೆಯಿಂದ ಬಿಡಿಸಿ ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆಯನ್ನಾಗಿ ಮಾಡಿತು. ಒಹಾಯೊ ರಾಜ್ಯದ ಕ್ಯಾಂಪ್ ಪೆರಿಯಲ್ಲಿ ಇಂದಿಗೂ ನಡೆಯುವ ರಾಷ್ಟ್ರೀಯ ಗುರಿಕಾರಿಕೆ ಸ್ಪರ್ಧೆಗಳ ಹೊಣೆ ಅದರದ್ದೇ. ಸೇನೆಯ ಹಳೆಯ ರೈಫಲ್‌ಗಳನ್ನು ಮಾರಿ ಬಂದ ಹಣ ಎಳೆಯರ ತರಬೇತಿಗೆ ಹೋಗುತ್ತದೆ. ಉಗ್ರಾಣದಲ್ಲಿ ಉಳಿದಿದ್ದ ಸುಮಾರು ಒಂದು ಲಕ್ಷ 1911 ಪಿಸ್ತೂಲುಗಳೂ ಈ ದಾರಿ ಹಿಡಿಯಬೇಕಾದರೆ ಅಮೆರಿಕದ ಸಂಸತ್ತೇ ಕಾನೂನು ಮಾಡಬೇಕಾಯಿತು. ವರ್ಷಕ್ಕೆ 10 ಸಾವಿರಕ್ಕಿಂತ ಹೆಚ್ಚು ಹೊರಬರಬಾರದೆಂಬ ಮಿತಿಯೂ ಅದರಲ್ಲೇ ಇತ್ತು.

ಕೇಳುವವರು ಹೆಚ್ಚು, ಕೊಡುವುದು ಕಡಿಮೆ. ಹಾಗಾಗಿ ಸಿಎಂಪಿ ಚೀಟಿ ಎತ್ತುವ ಕ್ರಮವನ್ನು ಆರಿಸಿತು. ಪ್ರತಿ ಅರ್ಜಿಗೂ ಕಂಪ್ಯೂಟರ್ ಯಾದೃಚ್ಛಿಕವಾಗಿ ಒಂದು ಸಂಖ್ಯೆ ಕೊಟ್ಟಿತು. ಆ ಸರದಿಯಂತೆ ಕರೆ ಹೋಯಿತು. ಹಣವಂತರು ಮೊದಲು, ವಶೀಲಿ ಇದ್ದವರು ಮೊದಲು ಎನ್ನುವುದಕ್ಕೆ ಇಲ್ಲಿ ಜಾಗವೇ ಇರಲಿಲ್ಲ. ಇದಕ್ಕಿಂತ ನ್ಯಾಯವಾದ ಹಂಚಿಕೆ ಸಿಗುವುದು ಕಷ್ಟ.

ಇಷ್ಟು ಜನ ಮುಗಿಬೀಳಲು ಕಾರಣ ಆ ಯಂತ್ರವೇ. ಯೂಟಾ ರಾಜ್ಯದ ಆಗ್ಡೆನ್‌ನಲ್ಲಿ, ಬಂದೂಕು ತಯಾರಿಸುವವರ ಮನೆಯಲ್ಲಿ 1855ರಲ್ಲಿ ಹುಟ್ಟಿದ ಜಾನ್ ಮೋಸೆಸ್ ಬ್ರೌನಿಂಗ್ ಅದರ ಕರ್ತೃ. 1911ರ ಮಾರ್ಚ್‌ನಲ್ಲಿ ನಡೆದ ಅಂತಿಮ ಪರೀಕ್ಷೆಯಲ್ಲಿ ಒಂದೇ ಪಿಸ್ತೂಲಿನಿಂದ 6,000 ಗುಂಡು ಹಾರಿಸಲಾಯಿತು. ತೀರಾ ಬಿಸಿಯಾದಾಗ ನೀರಿನಲ್ಲಿ ಅದ್ದಿ ಮತ್ತೆ ಹೊಡೆದರು. ಅದು ಒಮ್ಮೆಯೂ ಕೈಕೊಡಲಿಲ್ಲ. ಅದೇ ತಿಂಗಳ 29ಕ್ಕೆ ಸೇನೆ ಅದನ್ನು ಒಪ್ಪಿಕೊಂಡಿತು. 1985ರಲ್ಲಿ ಇಟಲಿ ಮೂಲದ ಬೆರೆಟಾ ಆಯ್ಕೆಯಾಗುವವರೆಗೆ ಎರಡು ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಎಲ್ಲಕ್ಕೂ ಅದೇ ಹೋಯಿತು.

ಕುದುರೆಯನ್ನು (ಟ್ರಿಗರ್) ಒಮ್ಮೆ ಎಳೆದರೆ ಒಂದೇ ಗುಂಡು, ಆದರೆ ಮುಂದಿನದು ತಾನಾಗಿಯೇ ಸಿದ್ಧವಾಗುತ್ತದೆ. ಸೆಮಿ ಆಟೊಮ್ಯಾಟಿಕ್ ಎಂದರೆ ಇಷ್ಟೇ. ಬ್ರೌನಿಂಗ್ ಇದನ್ನು ಸಾಧಿಸಿದ ಬಗೆ ನೋಡುವಂಥದ್ದು. ನಳಿಗೆಯ ಮೇಲಿನ ಏಣುಗಳು ಸ್ಲೈಡ್‌ನ ಒಳಗಿನ ತೋಡುಗಳಲ್ಲಿ ಕಚ್ಚಿ ಕೂತಿರುತ್ತವೆ. ಗುಂಡು ಹೊರಟ ರಭಸಕ್ಕೆ ಎರಡೂ ಜೊತೆಯಾಗಿ ತುಸು ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ಬಾಯಿ ದಾಟಿರುತ್ತದೆ. ಆಗ ನಳಿಗೆಯ ಅಡಿಯಲ್ಲಿರುವ, ಕಿರುಬೆರಳ ತುದಿಯಷ್ಟೂ ಇಲ್ಲದ ಉಕ್ಕಿನ ಕೊಂಡಿ ಅದರ ಹಿಂಬದಿಯನ್ನು ಕೆಳಕ್ಕೆಳೆದು ಕಚ್ಚು ಬಿಡಿಸುತ್ತದೆ. ಸ್ಲೈಡ್ ಒಂದೇ ಹಿಂದಕ್ಕೆ ಓಡಿ ಖಾಲಿ ಕೋಶವನ್ನು ಹೊರಗೆಸೆಯುತ್ತದೆ, ಸ್ಪ್ರಿಂಗ್ ದೂಡಿದಾಗ ಮುಂದೆ ಬರುತ್ತ ಮ್ಯಾಗಜಿನ್‌ನಿಂದ ಹೊಸ ತೋಟಾವನ್ನು ಒಳಗೆ ತಳ್ಳುತ್ತದೆ. ಬ್ರೌನಿಂಗ್‌ನ ನಂತರ ಬಂದ ಪಿಸ್ತೂಲುಗಳಲ್ಲಿ ಬಹುಪಾಲು ಈ ನಳಿಗೆ ತಗ್ಗಿಸುವ ಉಪಾಯವನ್ನೇ ಒಂದಿಷ್ಟು ತಿದ್ದಿಕೊಂಡು ನಡೆದಿವೆ.

ಎರಡನೇ ಮಹಾಯುದ್ಧದಲ್ಲಿ, ಮೊದಲಿನಿಂದ ಇದನ್ನು ತಯಾರಿಸುತ್ತಿದ್ದ ಕೋಲ್ಟ್ ಕಾರ್ಖಾನೆ ಒಂದರಿಂದಲೇ ಪೂರೈಸಲಾಗದೆ ಸರ್ಕಾರ ಬೇರೆಯವರಿಗೂ ಕೆಲಸ ಹಂಚಿತು. ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್ ಎಲ್ಲರನ್ನೂ ಮೀರಿಸಿ ಸುಮಾರು 9 ಲಕ್ಷ ತಯಾರಿಸಿತು. ರೈಲ್ವೆ ಸಿಗ್ನಲ್ ಮಾಡುವ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಕಂಪನಿಯದು ಸುಮಾರು 55 ಸಾವಿರ. ನಮ್ಮ ಮನೆಗಳಲ್ಲೂ ಅಮ್ಮಂದಿರು ತುಳಿದ ಹೊಲಿಗೆ ಯಂತ್ರದ ಸಿಂಗರ್ ಕಂಪನಿ 500 ಮಾಡಿ ನಿಲ್ಲಿಸಿತು. ಆ 500ರ ಪೈಕಿ ಒಂದು 2017ರ ಹರಾಜಿನಲ್ಲಿ 4 ಲಕ್ಷ ಡಾಲರ್ ದಾಟಿತು.

1945ರ ನಂತರ ಸೇನೆ ಹೊಸದಾಗಿ ಖರೀದಿಸಲಿಲ್ಲ. ಇದ್ದವನ್ನೇ ಆಯುಧಾಗಾರಗಳಲ್ಲಿ ಬಿಚ್ಚಿ, ಸವೆದದ್ದು ತೆಗೆದು, ಕೈಗೆ ಸಿಕ್ಕ ಭಾಗ ಜೋಡಿಸಿ ಕಳಿಸಿತು. ಯಾರ ಕಾರ್ಖಾನೆಯ ಭಾಗವಾದರೂ ಯಾರದ್ದಕ್ಕೂ ಕೂರಬೇಕೆಂಬ ಷರತ್ತು ಮೊದಲಿನಿಂದ ಇತ್ತು. ಆದ್ದರಿಂದಲೇ ಸಿಎಂಪಿಯಿಂದ ಬಂದ ಪಿಸ್ತೂಲಿನ ಫ್ರೇಮ್ ಕೋಲ್ಟ್‌ನದಾಗಿದ್ದು ಸ್ಲೈಡ್ ರೆಮಿಂಗ್ಟನ್‌ನದಾಗಿರುವುದು ಮಾಮೂಲು. ಇದನ್ನು ಕಲಬೆರಕೆ ಎಂದು ಮೂಗು ಮುರಿಯುವ ಸಂಗ್ರಾಹಕರಿದ್ದಾರೆ. ಆದರೆ ಸೇನೆಯಲ್ಲಿ ದಶಕಗಟ್ಟಲೆ ದುಡಿದ ಆಯುಧದ ನಿಜವಾದ ರೂಪ ಇದೇ. ಪುಟ್ಟ ಅಕ್ಷರಗಳ ಮುದ್ರೆಗಳನ್ನು ಓದಲು ಕಲಿತವರಿಗೆ ಅದರ ಜೀವನಚರಿತ್ರೆಯೇ ಸಿಗುತ್ತದೆ: ಫ್ರೇಮಿನ ಎಡಬದಿಯಲ್ಲಿ ಎಫ್‌ಜೆಎ ಎಂದಿದ್ದರೆ ಅದು ಯುದ್ಧಕಾಲದ ತಪಾಸಣಾಧಿಕಾರಿ ಫ್ರ್ಯಾಂಕ್ ಆಟ್‌ವುಡ್ ಒಪ್ಪಿದ ಮಾಲು.

ಮೊದಲ ಸುತ್ತಿನಲ್ಲಿ ಬೆಲೆ ನಿಂತದ್ದು ಸ್ಥಿತಿಯ ಮೇಲೆ. ಚೆನ್ನಾಗಿರುವ ಸರ್ವಿಸ್ ದರ್ಜೆಗೆ 1,050 ಡಾಲರ್, ತುಕ್ಕು ತಿಂದ ಗುಳಿಗಳಿದ್ದರೂ ಕೆಲಸ ಮಾಡುವ ಫೀಲ್ಡ್ ದರ್ಜೆಗೆ 950, ಸ್ವಲ್ಪ ರಿಪೇರಿ ಬೇಡುವ ರ‍್ಯಾಕ್ ದರ್ಜೆಗೆ 850. ಅಪರೂಪದವು ಮಾತ್ರ ಹರಾಜಿಗೆ. ಕೊಳ್ಳುವವರಿಗೆ 21 ವರ್ಷ ತುಂಬಿರಬೇಕು, ಸಿಎಂಪಿಗೆ ಸೇರಿದ ಕ್ಲಬ್ಬಿನ ಸದಸ್ಯತ್ವ ಬೇಕು, ಅಮೆರಿಕದ ಪೌರತ್ವ ಬೇಕು. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಗ್ರೀನ್ ಕಾರ್ಡ್ ಇದ್ದರಷ್ಟೇ ಸಾಲದು. ಹಿನ್ನೆಲೆ ತಪಾಸಣೆ ಎರಡು ಬಾರಿ: ಮೊದಲು ಸಿಎಂಪಿ ಮಾಡಿಸುತ್ತದೆ, ಆಮೇಲೆ ಪಿಸ್ತೂಲು ತಲುಪುವ ಲೈಸೆನ್ಸ್‌ದಾರ ವ್ಯಾಪಾರಿ ಮಾಡಿಸುತ್ತಾನೆ. ನೇರ ಮನೆಗೆ ಬರುವುದಿಲ್ಲ.

ನಮ್ಮಲ್ಲಿ ಹಾದಿ ಬೇರೆ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಕೈಗೆ ಬಂದ ಮೇಲೆಯೇ ಖರೀದಿ. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಆಯುಧ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ಹೆಸರಾಂತ ವಿನಾಯಿತಿ ಇದೆ. 

ಹಳೆಯ 1911 ಕೈಗೆ ಬಂದ ತಕ್ಷಣ ಗುಂಡು ತುಂಬುವುದು ತಪ್ಪು. ಮ್ಯಾಗಜಿನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು, ಒಳಗೆ ಏನೂ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳುವುದು ಮೊದಲು. ಸುತ್ತಿಗೆಯನ್ನು ಹಿಂದೆ ನಿಲ್ಲಿಸಿ, ಹೆಬ್ಬೆರಳ ಬಳಿಯ ಸುರಕ್ಷಾ ಕೀಲಿ ಏರಿಸಿ ಕುದುರೆ ಎಳೆದರೆ ಸುತ್ತಿಗೆ ಕದಲಬಾರದು. ಕೀಲಿ ಇಳಿಸಿ, ಹಿಡಿಯ ಹಿಂಬದಿಯ ಒತ್ತುಪಟ್ಟಿಯನ್ನು ಅದುಮದೆ ಎಳೆದರೂ ಕದಲಬಾರದು. ಆಮೇಲೆ ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಬೇಕು. 1950ರ ದಶಕದ ಆರಂಭದವರೆಗಿನ ಸೇನಾ ತೋಟಾಗಳ ಕಿಡಿಮದ್ದು (ಪ್ರೈಮರ್) ಉಪ್ಪಿನಂಶ ಉಳಿಸುತ್ತಿತ್ತು; ಹೊಡೆದ ದಿನವೇ ತೊಳೆಯದಿದ್ದರೆ ಗುಳಿ ಬೀಳುತ್ತಿತ್ತು. ಅಂಥ ಗುಳಿಗಳಿದ್ದರೂ ಗುರಿ ಸರಿಯಿರುವುದುಂಟು. ಉಂಗುರದಂತೆ ಉಬ್ಬಿದ ಗುರುತು ಕಂಡರೆ ಮಾತ್ರ ಆ ನಳಿಗೆಯನ್ನು ಬಿಡಬೇಕು. ಮೊದಲ ಮಹಾಯುದ್ಧ ಕಾಲದ ಸ್ಲೈಡ್‌ಗಳ ಉಕ್ಕು ಮೆದು, ಬಿರುಕು ಬಿಡುತ್ತದೆ. ಅವುಗಳಲ್ಲಿ ಹೆಚ್ಚು ಗುಂಡು ಹಾರಿಸಬಾರದು.

ಇನ್ನು ಹೊಳಪಿನ ಆಸೆ. ಮಾಸಿದ ಬೂದು ಲೇಪವನ್ನು ಉಜ್ಜಿ ಹೊಸ ಬಣ್ಣ ಕೊಡಿಸಿದರೆ ಪಿಸ್ತೂಲಿನ ಬೆಲೆ ಅಲ್ಲೇ ಇಳಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ಮುದ್ರೆಗಳು ಮಸುಕಾಗಿ ದಾಖಲೆ ಅಳಿಸಿಹೋಗುವುದು. ಬದಲಿಸಲೇಬೇಕಾದದ್ದು ಒಂದಿದೆ, ಸ್ಲೈಡನ್ನು ಮುಂದೆ ತಳ್ಳುವ ಸ್ಪ್ರಿಂಗ್. ಅದು ದಣಿದಿದ್ದರೆ ಸ್ಲೈಡ್ ಪ್ರತಿ ಸಲವೂ ಫ್ರೇಮಿಗೆ ಬಡಿದು ಹಳೆಯ ಉಕ್ಕನ್ನು ಹಾಳು ಮಾಡುತ್ತದೆ. ಹೊಸದಕ್ಕೆ ಕೆಲವೇ ಡಾಲರ್. ತೆಗೆದ ಹಳೆಯ ಸ್ಪ್ರಿಂಗನ್ನು ಚೀಟಿ ಅಂಟಿಸಿದ ಲಕೋಟೆಯಲ್ಲಿ ಹಾಕಿ, ಸಿಎಂಪಿಯ ರಸೀದಿಯ ಜೊತೆ ಬೀಗವಿರುವ ಕಬ್ಬಿಣದ ಪೆಟ್ಟಿಗೆಯಲ್ಲೇ ಇಡುವುದು ಒಳ್ಳೆಯದು. ಮುಂದೆ ಕೊಳ್ಳುವವರು ಮೊದಲು ಕೇಳುವುದು ಆ ರಸೀದಿಯನ್ನೇ.