ಮಗುವಿನ ಕಾಯಿಲೆಗೆ ತಾಯಿಯೊಬ್ಬಳೇ ಹೊಣೆಯೇ?

ಸಹೋದರಿಯರೇ, ಮಗುವಿನ ಮುಖ ಬಿಳಚಿಕೊಂಡು, ತಿಂಗಳಿಗೊಮ್ಮೆ ರಕ್ತ ಕೊಡಿಸಬೇಕಾಗಿ ಬಂದಾಗ ಮನೆಯವರ ಬೆರಳು ಮೊದಲು ಯಾರತ್ತ ತಿರುಗುತ್ತದೆ? ನಿಮಗೇ ಗೊತ್ತಿದೆ. "ಸೊಸೆಯ ರಕ್ತವೇ ಸರಿಯಿಲ್ಲ" ಎಂಬ ಮಾತು ನಮ್ಮ ಭೀಮರಾಯನಗುಡಿಯಂಥ ಊರುಗಳಲ್ಲಿ ಹೊಸದೇನಲ್ಲ. ಥಲಸ್ಸೇಮಿಯಾದ ಮಟ್ಟಿಗೆ ಅದು ಸುಳ್ಳು. ತಂದೆಯಿಂದಲೂ ತಾಯಿಯಿಂದಲೂ ದೋಷವುಳ್ಳ ವಂಶವಾಹಿ ಬಂದಾಗಲೇ ಮಗುವಿಗೆ ಈ ಕಾಯಿಲೆ ತೀವ್ರವಾಗಿ ಕಾಡುವುದು. ಅಂಥ ತಂದೆ ತಾಯಿ ಇಬ್ಬರೂ ಸಾಮಾನ್ಯವಾಗಿ ಆರೋಗ್ಯದಿಂದಲೇ ಇರುತ್ತಾರೆ. ಪ್ರತಿ ಬಸಿರಿನಲ್ಲೂ ಅಪಾಯ ನಾಲ್ಕರಲ್ಲೊಂದು ಪಾಲು.

ವಂಶವಾಹಿ ಎಂದರೆ ಒಂದು ಬರಹವೆಂದುಕೊಳ್ಳಿ. ಮಕ್ತಬ್‌ನಲ್ಲಿ ಕಲಿತವರಿಗೆ ಗೊತ್ತು, ಕೂಡಿಸಿ ಬರೆಯುವಾಗ ಚುಕ್ಕಿ ಮೇಲಿದ್ದರೆ ನೂನ್, ಕೆಳಗಿದ್ದರೆ ಬಾ. ಒಂದು ಚುಕ್ಕಿಗೆ ಅರ್ಥವೇ ಬೇರೆ. ಈ ಬರಹದಂತೆಯೇ ದೇಹದಲ್ಲಿ ಪ್ರೋಟೀನ್ ತಯಾರಾಗುತ್ತದೆ. ಅದು ಮಣಿಗಳ ಸರದಂತೆ ಇದ್ದು, ತನ್ನದೇ ಆಕಾರಕ್ಕೆ ಮಡಚಿಕೊಳ್ಳುತ್ತದೆ. ಸಿಕಲ್ ಸೆಲ್ ಕಾಯಿಲೆಯಲ್ಲಿ ಹಿಮೋಗ್ಲೋಬಿನ್‌ನ ಒಂದು ಸರದ 146 ಮಣಿಗಳ ಪೈಕಿ ಬದಲಾಗುವುದು ಆರನೆಯದೊಂದೇ. ಅಷ್ಟಕ್ಕೇ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ!

ಈ ಮಡಿಕೆಯನ್ನು ತಿಳಿಯುವುದು ಸುಲಭವಾಗಿರಲಿಲ್ಲ. ಹಿಮೋಗ್ಲೋಬಿನ್‌ನ ಆಕಾರ ಹುಡುಕಲು ಮ್ಯಾಕ್ಸ್ ಪೆರುಟ್ಸ್ 1937ರಲ್ಲಿ ಹೊರಟವರು, ಅದನ್ನು ಕಂಡದ್ದು 1959ರಲ್ಲಿ. ಇಂದು ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆ ಸರದ ಮಣಿಗಳನ್ನು ಓದಿಯೇ ಆಕಾರವನ್ನು ಊಹಿಸುತ್ತದೆ. ಅದನ್ನು ರೂಪಿಸಿದ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದರು. 2023ರಲ್ಲಿ ಬಂದ ಆಲ್ಫಾಮಿಸ್ಸೆನ್ಸ್ ಇನ್ನೂ ಮುಂದೆ ಹೋಗಿ, ಇಂಥ ಒಂದೇ ಮಣಿಯ 7.1 ಕೋಟಿ ಬದಲಾವಣೆಗಳನ್ನು ಪರಿಶೀಲಿಸಿ, ಶೇಕಡಾ 89ನ್ನು ಅಪಾಯಕಾರಿ ಇರಬಹುದು, ನಿರಪಾಯ ಇರಬಹುದು ಎಂದು ಬೇರ್ಪಡಿಸಿತು. "ಇರಬಹುದು" ಎಂಬುದನ್ನು ಮರೆಯಬೇಡಿ. ಅದು ಸಂಶೋಧಕರಿಗೆ ಸುಳಿವು, ವೈದ್ಯರ ತೀರ್ಪಲ್ಲ.

ಇಂಥ ಯಂತ್ರ ಕಲಿಯುವುದು ಜನರ ವಂಶವಾಹಿ ನೋಡಿಯೇ. ಜನರಲ್ಲಿ ಹೆಚ್ಚಾಗಿ ಕಾಣುವ ಬದಲಾವಣೆ ನಿರಪಾಯ ಎಂಬುದು ಅದರ ಲೆಕ್ಕ. ಆದರೆ ಯಾರ ವಂಶವಾಹಿ? ಜಗತ್ತಿನ ಸಂಗ್ರಹಗಳಲ್ಲಿ ಬಹುಪಾಲು ಯುರೋಪ್ ಮೂಲದವರದು. ನಮ್ಮವರಲ್ಲಿ ಮಾತ್ರ ಇರುವ ಬದಲಾವಣೆ ಎದುರಾದರೆ ವರದಿಯಲ್ಲಿ "ಅರ್ಥ ಖಚಿತವಿಲ್ಲ" ಎಂದು ಬರೆದು ಕೈಗಿಡುವುದುಂಟು. ಅದನ್ನು ಹಿಡಿದು ತಾಯಿ ಏನು ಮಾಡಬೇಕು? ಈ ಕೊರತೆ ನೀಗಲೆಂದೇ 2020ರಲ್ಲಿ ಜೀನೋಮ್ ಇಂಡಿಯಾ ಯೋಜನೆ ಶುರುವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸೇರಿ, ದೇಶದ ನಾನಾ ಸಮುದಾಯಗಳ 10,000 ಜನರ ವಂಶವಾಹಿ ಓದಿದವು. 2025ರ ಜನವರಿಯಲ್ಲಿ ಈ ಮಾಹಿತಿ ಸಂಶೋಧಕರಿಗೆ ತೆರೆಯಿತು. ಇಷ್ಟು ದೊಡ್ಡ ದೇಶಕ್ಕೆ ಇದು ಕಡಿಮೆಯೇ, ಆದರೂ ಆರಂಭವಾಯಿತಲ್ಲ.

ಸೋದರಿಕೆಯ ಮದುವೆ ನಮ್ಮ ಭಾಗದಲ್ಲಿ ಹಿಂದೂ, ಮುಸ್ಲಿಮ್ ಎರಡೂ ಕಡೆ ಇದೆ. ಶರೀಅತ್ ಚಿಕ್ಕಪ್ಪ, ಸೋದರಮಾವನ ಮಕ್ಕಳೊಡನೆ ಮದುವೆಗೆ ಅನುಮತಿಸಿದೆ, ಕಡ್ಡಾಯ ಮಾಡಿಲ್ಲ. ಒಂದೇ ಅಜ್ಜನ ದೋಷ ಇಬ್ಬರಲ್ಲೂ ಇಳಿದುಬಂದಿರುವ ಸಂಭವ ಅಲ್ಲಿ ಹೆಚ್ಚು. ಥಲಸ್ಸೇಮಿಯಾ ವಾಹಕರನ್ನು ಗುರುತಿಸಲು ಕೃತಕ ಬುದ್ಧಿಮತ್ತೆಯೂ ಬೇಕಿಲ್ಲ. ಮದುವೆಗೆ ಮೊದಲು ಹಿಮೋಗ್ಲೋಬಿನ್ ಬಗೆ ತಿಳಿಸುವ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ವಾಹಕಿ ಎಂದ ಮಾತ್ರಕ್ಕೆ ಹುಡುಗಿಯನ್ನು ಬೇಡವೆನ್ನಬೇಕಿಲ್ಲ, ಹುಡುಗನ ವರದಿಯನ್ನೂ ಜೊತೆಗಿಟ್ಟು ನೋಡಬೇಕು. ಅಂದರೆ ಪರೀಕ್ಷೆಗೆ ಅವನೂ ತೋಳು ಚಾಚಬೇಕು.