ಪ್ರಾರ್ಥನೆಯ ಹೀಬ್ರೂ: ಯಾರ ಉಚ್ಚಾರ ಸರಿ?

ರೊಟ್ಟಿ ಮುರಿಯುವ ಮೊದಲು, ದ್ರಾಕ್ಷಾರಸ ಕುಡಿಯುವ ಮೊದಲು ಯೆಹೂದಿಗಳು ಹೇಳುವ ಸ್ತುತಿ ಶುರುವಾಗುವುದು ಎರಡು ಪದಗಳಿಂದ. ಇಂದಿನ ಇಸ್ರೇಲಿನಲ್ಲಿ ಅದು 'ಬಾರುಖ್ ಅತಾ'. ಪೂರ್ವ ಯುರೋಪಿನ ಮೂಲದ ಸಂಪ್ರದಾಯಸ್ಥರಾದ ಅಷ್ಕೆನಾಜಿಗಳು 'ಬೋರುಖ್ ಅತೋ' ಎನ್ನುತ್ತಾರೆ. ವಾರದ ವಿಶ್ರಾಂತಿಯ ದಿನ ಮೊದಲಿನವರಿಗೆ 'ಶಬಾತ್', ಇವರಿಗೆ 'ಶಬ್ಬೊಸ್'. ಯೆಮನ್‌ನಿಂದ ಬಂದವರು ಅದೇ ಪದದ ಕೊನೆಯನ್ನು ಇಂಗ್ಲಿಷಿನ 'ಥಿಂಕ್' ಪದದ ಮೊದಲ ಸದ್ದಿನಂತೆ, ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಉಸಿರು ಬಿಟ್ಟು ನುಡಿಯುತ್ತಾರೆ. ಮೂವರ ಮುಂದಿರುವ ಪುಸ್ತಕದಲ್ಲೂ ಅಕ್ಷರ ಒಂದೇ. ಪ್ರಾರ್ಥನೆಯನ್ನು ಅಕ್ಷರ ಬಿಡದೆ ಸ್ಫುಟವಾಗಿ ಹೇಳಬೇಕೆಂಬುದು ಯೆಹೂದಿ ಶಾಸ್ತ್ರದ ಕಟ್ಟಳೆ. ಹಾಗಿದ್ದರೆ ಯಾರದು ಸರಿ? ಮೂಲ ಉಚ್ಚಾರ ಯಾವುದೆಂದು ಹುಡುಕಿ ಹೊರಟರೆ ಈ ಪ್ರಶ್ನೆಗೆ ಉತ್ತರ ಸಿಗದು ಎಂಬುದು ನನ್ನ ವಾದ. ತಮ್ಮ ಸಮುದಾಯದಲ್ಲಿ ಬಾಯಿಂದ ಬಾಯಿಗೆ ಬಂದ ಉಚ್ಚಾರವನ್ನು ಎಷ್ಟು ಜತನದಿಂದ ನುಡಿಯುತ್ತಾರೆ ಎಂಬುದೇ ಇಲ್ಲಿ ಸರಿ ತಪ್ಪಿನ ಅಳತೆಯಾಗಬೇಕು.

ಏಕೆಂದರೆ ಒಂದೇ ಒಂದು ಮೂಲ ಉಚ್ಚಾರ ಇತ್ತೆನ್ನುವುದಕ್ಕೇ ಆಧಾರವಿಲ್ಲ. ಬೈಬಲಿನ ನ್ಯಾಯಸ್ಥಾಪಕರು ಗ್ರಂಥದಲ್ಲಿ ಗಿಲ್ಯಾದಿನವರು ಯೊರ್ದನ್ ನದಿಯ ಹಾಯಗಡದಲ್ಲಿ ಎಫ್ರಾಯೀಮ್ಯರನ್ನು ಗುರುತು ಹಿಡಿದದ್ದು 'ಷಿಬ್ಬೋಲೆತ್' ಎಂಬ ಪದವನ್ನು ಅವರು 'ಸಿಬ್ಬೋಲೆತ್' ಎಂದದ್ದರಿಂದ. ಅಷ್ಟು ಹಿಂದೆಯೇ, ಒಂದೇ ಜನದ ಎರಡು ಕುಲಗಳ ನಾಲಿಗೆ ಬೇರೆಬೇರೆಯಾಗಿತ್ತು. ಹೀಬ್ರೂವಿನ 22 ಅಕ್ಷರಗಳೂ ವ್ಯಂಜನಗಳೇ. ಸ್ವರಗಳನ್ನು ತೋರಿಸುವ ಚುಕ್ಕಿ, ಗೆರೆಗಳು ರೂಪುಗೊಂಡದ್ದು ಕ್ರಿ.ಶ. 7ರಿಂದ 10ನೇ ಶತಮಾನದ ನಡುವೆ. ಆಗಲೂ ಪದ್ಧತಿ ಒಂದಾಗಿರಲಿಲ್ಲ. ಬ್ಯಾಬಿಲೋನಿನದು ಒಂದು, ಪ್ಯಾಲೆಸ್ತೀನಿನದು ಇನ್ನೊಂದು, ಗಲಿಲಾಯದ ತಿಬೇರಿಯಸ್ ಪಟ್ಟಣದ ವಿದ್ವಾಂಸರದು ಮತ್ತೊಂದು. ಕಡೆಗೆ ಎಲ್ಲರೂ ಒಪ್ಪಿಕೊಂಡದ್ದು ತಿಬೇರಿಯಸ್‌ನ ಚಿಹ್ನೆಗಳನ್ನು. ಆದರೆ ಆ ಚಿಹ್ನೆಗಳ ಹಿಂದಿದ್ದ ಓದಿನ ಪರಂಪರೆ ಮಧ್ಯಯುಗದಲ್ಲೇ ನಿಂತುಹೋಯಿತು. ಗುರುತು ಉಳಿಯಿತು, ಸದ್ದು ಉಳಿಯಲಿಲ್ಲ. ಪ್ರತಿ ಸಮುದಾಯವೂ ಆ ಚಿಹ್ನೆಗಳಿಗೆ ತನ್ನ ಬಾಯಲ್ಲಿದ್ದ ಸದ್ದನ್ನೇ ಹೊಂದಿಸಿಕೊಂಡಿತು.

ಇದರ ಫಲ ಇಂದಿಗೂ ಕಿವಿಗೆ ಬೀಳುತ್ತದೆ. ಕಾಮಾತ್ಸ್ ಮತ್ತು ಪತಾಖ್ ಎಂಬ ಎರಡು ಸ್ವರಚಿಹ್ನೆಗಳನ್ನು ಅಷ್ಕೆನಾಜಿಗಳು ಬೇರೆಬೇರೆಯಾಗಿ ನುಡಿಯುತ್ತಾರೆ. ಆದರೆ ಗಂಟಲಿನಾಳದಿಂದ ಹೊರಡುವ 'ಆಯಿನ್' ಅಕ್ಷರ ಅವರ ಬಾಯಲ್ಲಿ 'ಆಲೆಫ್'ನೊಡನೆ ಬೆರೆತುಹೋಗಿದೆ. ಇರಾಕಿನ ಯೆಹೂದಿಗಳು ಆಯಿನ್ ಉಳಿಸಿಕೊಂಡರು, ಕಾಮಾತ್ಸ್ ಮತ್ತು ಪತಾಖ್‌ಗಳ ಭೇದ ಕಳೆದುಕೊಂಡರು. ಯೆಮನ್‌ನವರಲ್ಲಿ ಎರಡೂ ಉಳಿದಿವೆ, ಹಾಗಾಗಿ ಅವರದೇ ಶುದ್ಧ ಹೀಬ್ರೂ ಎಂದು ಅನೇಕರು ಹೇಳುತ್ತಾರೆ. ಮೆಚ್ಚಬೇಕಾದ ಪರಂಪರೆಯೇ ಹೌದು. ಆದರೆ ಪತಾಖ್ ಮತ್ತು ಸೆಗೋಲ್ ಎಂದು ತಿಬೇರಿಯಸ್‌ನವರು ಬೇರೆ ಮಾಡಿದ ಎರಡು ಸ್ವರಗಳು ಯೆಮನ್‌ನಲ್ಲಿ ಒಂದೇ. ಪೂರ್ತಿ ಹೀಬ್ರೂ ಯಾರ ಬಳಿಯೂ ಇಲ್ಲ.

ಹಾಗಾದರೆ ಹೇಗೆ ಹೇಳಿದರೂ ನಡೆದೀತೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆಲೆಫನ್ನು ಆಯಿನ್ ಎಂದೂ ಆಯಿನನ್ನು ಆಲೆಫ್ ಎಂದೂ ಓದುವ ಹೈಫಾ, ಬೇತ್ ಶೆಆನ್ ಊರುಗಳವರನ್ನು ಪ್ರಾರ್ಥನೆ ಮುನ್ನಡೆಸಲು ಕಳಿಸಬಾರದೆಂದು ಯೆಹೂದಿಗಳ ಪ್ರಾಚೀನ ಶಾಸ್ತ್ರಗ್ರಂಥವಾದ ತಾಲ್ಮುಡ್ ಹೇಳುತ್ತದೆ. ದೇವರು ಒಬ್ಬನೇ ಎಂದು ಸಾರುವ 'ಶೆಮಾ' ಪ್ರಾರ್ಥನೆಯಲ್ಲಿ 'ಎಖಾದ್' ಪದದ ಕೊನೆಯ ದಾಲೆತನ್ನು ಎಳೆದು ನುಡಿಯಬೇಕೆಂದೂ ಹೇಳುತ್ತದೆ. ನಮ್ಮ 'ದ್' ಅನ್ನು ಎಳೆದು ನೋಡಿ, ಆಗುವುದಿಲ್ಲ. ನಾಲಿಗೆ ಹಲ್ಲಿಗೆ ಬಡಿದ ಕ್ಷಣಕ್ಕೇ ಸದ್ದು ಮುಗಿಯುತ್ತದೆ. ಇಂಗ್ಲಿಷಿನ 'ದಿಸ್' ಪದದ ಮೊದಲ ಸದ್ದನ್ನಾದರೆ ಉಸಿರಿರುವಷ್ಟು ಹೊತ್ತು ಎಳೆಯಬಹುದು. ಯೆಮನ್‌ನವರು ಇಂದಿಗೂ ಹಾಗೆ ನುಡಿಯುತ್ತಾರೆ, ಮಿಕ್ಕ ಬಹುತೇಕರಿಗೆ ಆ ವಿಧಿಯನ್ನು ಅಕ್ಷರಶಃ ಪಾಲಿಸಲು ಸಾಧ್ಯವೇ ಇಲ್ಲ.

ಆದರೆ ಶಾಸ್ತ್ರ ಇಲ್ಲಿಗೆ ನಿಲ್ಲಲಿಲ್ಲ. 16ನೇ ಶತಮಾನದ 'ಶುಲ್ಖಾನ್ ಅರೂಖ್' ಎಂಬ ಧರ್ಮಸಂಹಿತೆ ಆಲೆಫ್ ಮತ್ತು ಆಯಿನ್ ಬೆರೆಸುವ ಪುರೋಹಿತ ಆಶೀರ್ವಾದ ಕೊಡಬಾರದೆಂದಿತು; ಊರಿನವರೆಲ್ಲ ಹಾಗೆಯೇ ನುಡಿಯುವುದಾದರೆ ಅಡ್ಡಿಯಿಲ್ಲ ಎಂದು ಅದರ ವ್ಯಾಖ್ಯಾನಕಾರರು ಸೇರಿಸಿದರು. ಪ್ರೀತಿ ಎಂಬ ಪದವನ್ನು ಅಜ್ಞಾನದಿಂದ ದ್ವೇಷ ಎಂದು ಓದುವವನ ತಪ್ಪೂ ತನಗೆ ಪ್ರಿಯವೆಂದು ದೇವರು ಹೇಳುವ ಮಾತು ಪರಮಗೀತೆಯ ಹಳೆಯ ವ್ಯಾಖ್ಯಾನದಲ್ಲಿದೆ. ಇದು ಉಡಾಫೆಗೆ ಕೊಟ್ಟ ಪರವಾನಗಿ ಅಲ್ಲ. ಸಿನಗಾಗ್‌ನಲ್ಲಿ ತೋರಾ ಸುರುಳಿ ಓದುವಾಗ ಅದರಲ್ಲಿ ಸ್ವರಚಿಹ್ನೆ ಇರುವುದಿಲ್ಲ. ಓದುವವರು ಅರ್ಥ ಕೆಡುವಂತೆ ತಪ್ಪಿದರೆ ಕೇಳುವವರು ಅಲ್ಲೇ ತಡೆದು ತಿದ್ದುತ್ತಾರೆ, ಓದುವವರು ಹಿಂದೆ ಹೋಗಿ ಮತ್ತೆ ಓದುತ್ತಾರೆ. ಉದಾಹರಣೆಗೆ 'ವೆಆಹವ್ತಾ' ಎಂಬ ಪದದ ಒತ್ತು ಕೊನೆಗೆ ಬಿದ್ದರೆ 'ನೀನು ಪ್ರೀತಿಸಬೇಕು', ಹಿಂದೆ ಸರಿದರೆ 'ನೀನು ಪ್ರೀತಿಸಿದೆ'. ಇಂಥ ತಪ್ಪು ಯಾವ ಪರಂಪರೆಯವರಿಗೂ ತಪ್ಪೇ.

ಜಗಳ ಸದ್ದಿನದಷ್ಟೇ ಆಗಿರಲಿಲ್ಲ ಎನ್ನುವುದಕ್ಕೆ ಜರ್ಮನಿಯೇ ಸಾಕ್ಷಿ. ಕಟ್ಟಾ ಸಂಪ್ರದಾಯಸ್ಥರಾಗಿದ್ದ ಫ್ರಾಂಕ್‌ಫರ್ಟಿನ ರಬ್ಬಿ ನಾಥಾನ್ ಆಡ್ಲರ್ 18ನೇ ಶತಮಾನದಲ್ಲೇ ಸೆಫಾರ್ದಿ ಉಚ್ಚಾರದಲ್ಲಿ, ಅಂದರೆ ಸ್ಪೇನ್ ಮೂಲದ ಯೆಹೂದಿಗಳ ಉಚ್ಚಾರದಲ್ಲಿ, ಪ್ರಾರ್ಥಿಸುತ್ತಿದ್ದರು. 1818ರಲ್ಲಿ ಹ್ಯಾಂಬರ್ಗಿನ ಸುಧಾರಣಾವಾದಿಗಳ ಹೊಸ ಮಂದಿರ ಅದೇ ಉಚ್ಚಾರ ತಂದಾಗ ಅದು ಪರಂಪರೆಗೆ ಬೆನ್ನು ಹಾಕಿದಂತೆ ಕಂಡಿತು. ಮುಂದೆ 1881ರಲ್ಲಿ ಜೆರುಸಲೇಮಿಗೆ ಬಂದ ಎಲಿಯೇಜರ್ ಬೆನ್ ಯೆಹೂದಾ ಮೊದಲಾದವರು ಹೀಬ್ರೂವನ್ನು ಮತ್ತೆ ಆಡುಮಾತಾಗಿಸಿದರು. ಆದರ್ಶ ಸೆಫಾರ್ದಿ ಉಚ್ಚಾರವೇ ಆಗಿತ್ತು. ಬೆಳೆದು ನಿಂತ ಭಾಷೆಯಲ್ಲಿ ಸ್ವರ ಸೆಫಾರ್ದಿಗಳದು, ವ್ಯಂಜನ ಹೆಚ್ಚಾಗಿ ಅಷ್ಕೆನಾಜಿಗಳದು. ಎರಡು ಕಡೆಯ ನಷ್ಟವೂ ಅದರಲ್ಲಿ ಸೇರಿಕೊಂಡಿತು. ಅಷ್ಕೆನಾಜಿಗಳ ಮುಖ್ಯ ರಬ್ಬಿಯಾಗಿದ್ದ ಅಬ್ರಹಾಂ ಐಸಾಕ್ ಕೂಕ್ 1930ರ ದಶಕದಲ್ಲಿ, ತಂದೆತಾಯಿಯರ ಉಚ್ಚಾರವನ್ನು ಪ್ರಾರ್ಥನೆಯಲ್ಲಿ ಬದಲಿಸಬಾರದೆಂದು ಬರೆದರು. ಅಮೆರಿಕದ ರಬ್ಬಿ ಮೋಶೆ ಫೈನ್‌ಸ್ಟೈನ್ ಸಮುದಾಯಗಳ ಎಲ್ಲ ಉಚ್ಚಾರಗಳೂ ಪವಿತ್ರ ಭಾಷೆಯೇ ಎಂದು ಒಪ್ಪಿದರು, ಆದರೂ ತಮ್ಮದನ್ನು ಬಿಡಬಾರದೆಂದರು.

ಇಸ್ರೇಲಿನಲ್ಲಿ ಹುಟ್ಟಿದ ಅಷ್ಕೆನಾಜಿ ಮಗು ಮನೆಯಲ್ಲೂ ಶಾಲೆಯಲ್ಲೂ ಕೇಳುವುದು ಹೊಸ ಹೀಬ್ರೂ ಮಾತ್ರ; ಮುತ್ತಜ್ಜನ ಉಚ್ಚಾರ ಅದಕ್ಕೆ ಪರಕೀಯವಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ನಾಲ್ಕು ತಲೆಮಾರು ಅದೇ ಉಚ್ಚಾರದಲ್ಲಿ ಪ್ರಾರ್ಥಿಸಿದ ಮೇಲೆ ಅದೂ ಬಾಯಿಂದ ಬಾಯಿಗೆ ಬಂದದ್ದೇ, ಆ ಮಗುವಿಗೆ ಅದೇ ಸರಿ. ಕೂಕ್ ಅವರ ಒಂದು ಆತಂಕ ಮಾತ್ರ ಇನ್ನೂ ಜೀವಂತವಾಗಿದೆ. ದೇವರನ್ನು ಕರೆಯುವ ಪದ ಕಾಮಾತ್ಸ್‌ನಿಂದ ಮುಗಿಯುತ್ತದೆ. ಅಲ್ಲಿ ಪತಾಖ್ ಬಂದರೆ ಮನುಷ್ಯರನ್ನು 'ಒಡೆಯರೇ' ಎಂದಂತೆ. ಹೊಸ ಹೀಬ್ರೂವಿನಲ್ಲಿ ಎರಡೂ 'ಅದೊನಾಯ್'. ಅದಕ್ಕೇ ಇಸ್ರೇಲಿನ ಕೆಲವು ಅಷ್ಕೆನಾಜಿಗಳು ಇಡೀ ಪ್ರಾರ್ಥನೆಯನ್ನು ಹೊಸ ಉಚ್ಚಾರದಲ್ಲಿ ಹೇಳಿ, ಆ ಒಂದು ನಾಮ ಬಂದಾಗ ಮಾತ್ರ ಹಳೆಯ ಬಗೆಯಲ್ಲಿ 'ಅದೊನೋಯ್' ಎನ್ನುತ್ತಾರೆ. ವ್ಯಾಕರಣದ ಕಣ್ಣಿಗೆ ಅದು ಬೆರಕೆ. ನನಗೆ ಅದು ಈ ಇಡೀ ವಾದದಲ್ಲಿ ಅತ್ಯಂತ ಎಚ್ಚರದ ಉಚ್ಚಾರವಾಗಿ ಕಾಣುತ್ತದೆ.